ಪ್ಲಗ್ ಕಿತ್ತರೂ ಓಡುವ ಜನರೇಟರ್‌ಗೆ ಆರು ಲಕ್ಷ ಹಾಕಬಹುದೇ?

ಓದುಗರ ಪ್ರಶ್ನೆ: ಸರ್, ನಮ್ಮ ಊರು ಜಮಖಂಡಿ. ಬಹಳ ವರ್ಷದಿಂದ ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಸಣ್ಣ ಮಷಿನ್ ಶಾಪ್ ಇಟ್ಟುಕೊಂಡಿದ್ದೇನೆ. ನಮ್ಮ ಭಾವ, ಅಂದರೆ ಅಕ್ಕನ ಗಂಡ, ಹಡಪ್ಸರದಲ್ಲಿ ಮೋಟಾರ್ ವೈಂಡಿಂಗ್ ಮಾಡುತ್ತಿದ್ದವರು. ಕೈಕೆಲಸ ಬಲು ಚೊಕ್ಕ. ಈಗ ಮೂರು ವರ್ಷದಿಂದ ಒಂದು ‘ಫ್ರೀ ಎನರ್ಜಿ ಜನರೇಟರ್’ ಹಿಂದೆ ಬಿದ್ದಿದ್ದಾರೆ. ಎರಡು 150 ಎಎಚ್ ಬ್ಯಾಟರಿ, ಇನ್ವರ್ಟರ್, 2 ಎಚ್‌ಪಿ ಮೋಟಾರ್, ಬೆಲ್ಟ್ ಮೇಲೆ ಒಂದು ಕ್ವಿಂಟಲ್ ತೂಕದ ಫ್ಲೈವೀಲ್, ಆಮೇಲೆ ಕರೆಂಟ್ ಹುಟ್ಟಿಸುವ 3 ಕೆವಿಎ ಆಲ್ಟರ್ನೇಟರ್. ಅದರಿಂದಲೇ ಬಲ್ಬೂ ಉರಿಯುತ್ತದೆ, ಬ್ಯಾಟರಿಯೂ ಚಾರ್ಜ್ ಆಗುತ್ತದೆ. ನನ್ನ ಕಣ್ಣೆದುರೇ ಗೋಡೆಯ ಪ್ಲಗ್ ಕಿತ್ತು, 100 ವ್ಯಾಟ್‌ನ ಐದು ಬಲ್ಬುಗಳನ್ನು 40 ನಿಮಿಷ ಉರಿಸಿ ತೋರಿಸಿದರು. ಒಂದೊಂದು ಬ್ಯಾಟರಿಯೂ ಮೊದಲು 12.7 ವೋಲ್ಟ್ ಇತ್ತು, ನಿಲ್ಲಿಸಿದ ಮೇಲೆ 12.4. ಇಳಿದೇ ಇಲ್ಲ ಅನ್ನಬೇಕು. ಈಗ ಪಿಂಪ್ರಿಯ ಒಬ್ಬರು ‘ಸಂಸ್ಥೆ ಮಾಡೋಣ, ಡೀಲರ್‌ಗಳಿಂದ ಅಡ್ವಾನ್ಸ್ ತೆಗೆದುಕೊಳ್ಳೋಣ’ ಎಂದು ಗಂಟು ಬಿದ್ದಿದ್ದಾರೆ. ನನ್ನಿಂದ 6 ಲಕ್ಷ ಬೇಕಂತೆ, ಪಾಲುದಾರಿಕೆ ಪತ್ರಕ್ಕೆ ಸಹಿಯೂ ಬೇಕಂತೆ. ಪೇಟೆಂಟ್ ನಂಬರ್ ತೋರಿಸಿದ್ದಾರೆ. ವಿಜ್ಞಾನಿಗಳು ಒಪ್ಪುವುದಿಲ್ಲವಲ್ಲ ಎಂದರೆ ಭಾವ ಟೆಸ್ಲಾ, ಸ್ಟ್ಯಾನ್ಲಿ ಮೇಯರ್, ನಮ್ಮ ಕೈಗಾದ ತಿವಾರಿ ಇವರ ಹೆಸರು ಹೇಳಿ, ಎಲ್ಲರನ್ನೂ ತುಳಿದರು ಎನ್ನುತ್ತಾರೆ. ಅಕ್ಕ ಬಳೆ ಒತ್ತೆ ಇಟ್ಟಿದ್ದಾಳೆ. ಇಲ್ಲ ಅಂದರೆ ಮನೆಯಲ್ಲಿ ಮುಖ ಮುರಿದಂತೆ, ಹ್ಞೂಂ ಅನ್ನಲು ಧೈರ್ಯ ಸಾಲದು. ನನ್ನ ಶಾಪಿನ ಕರೆಂಟ್ ಬಿಲ್ಲೂ ಏರುತ್ತಲೇ ಇದೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆ ಹೆಣೆದುಕೊಂಡಿವೆ. ಯಂತ್ರ ನಿಜವೇ ಎಂಬುದು ಒಂದು, ಭಾವ ಪ್ರಾಮಾಣಿಕರೇ ಎಂಬುದು ಇನ್ನೊಂದು. ಎರಡನೆಯದಕ್ಕೆ ಹೌದೆಂಬ ಉತ್ತರ ನಿಮ್ಮ ಬಳಿ ಇದೆ; ಹಾಗಿದ್ದರೆ ಮೊದಲನೆಯದಕ್ಕೂ ಹೌದೇ ಇರಬಹುದಲ್ಲ ಎಂದು ಮನಸ್ಸು ಎಳೆಯುತ್ತಿದೆ. ಎನರ್ಜಿ ಆಡಿಟ್‌ಗಾಗಿ ಭೋಸರಿ, ಚಾಕಣ, ರಾಂಜಣಗಾವ್ ತಿರುಗುವ ನನಗೆ ಇಂಥ ಯಂತ್ರ ಕಟ್ಟಿದವರ ಪರಿಚಯ ಉಂಟು. ಹೆಚ್ಚಿನವರು ವೈಂಡರ್‌ಗಳು, ಫಿಟ್ಟರ್‌ಗಳು, ನಿವೃತ್ತ ಫೋರ್‌ಮನ್‌ಗಳು. ಸುಳ್ಳು ಹೇಳುವ ಜನ ಅಲ್ಲ, ತಮ್ಮದೇ ಮೀಟರನ್ನು ನಂಬಿ ಕೆಟ್ಟವರು. ಹಾಗಾಗಿ ಭಾವನ ನಡತೆಯನ್ನು ಪಕ್ಕಕ್ಕಿಟ್ಟು ಲೆಕ್ಕ ನೋಡೋಣ.

12 ವೋಲ್ಟ್, 150 ಎಎಚ್‌ನ ಎರಡು ಬ್ಯಾಟರಿ ಎಂದರೆ ಕಾಗದದ ಮೇಲೆ 3.6 ಯೂನಿಟ್. ಐದು ಬಲ್ಬಿಗೆ 500 ವ್ಯಾಟ್, ಚಾರ್ಜರ್‌ಗೆ ಇನ್ನೊಂದು 500 ಎಂದುಕೊಳ್ಳಿ. ಆ ಅಳತೆಯ ಆಲ್ಟರ್ನೇಟರ್ ಸಾವಿರ ವ್ಯಾಟ್ ಕೊಡಬೇಕಾದರೆ ಶಾಫ್ಟಿನಲ್ಲಿ 1250ರಷ್ಟು ಕೇಳುತ್ತದೆ. ಬೆಲ್ಟ್ ಸ್ವಲ್ಪ ತಿನ್ನುತ್ತದೆ. ಸಿಂಗಲ್ ಫೇಸ್ ಮೋಟಾರ್ ಅಷ್ಟು ಕೊಡಲು 1700 ಎಳೆಯುತ್ತದೆ, ಇನ್ವರ್ಟರ್‌ನ ನಷ್ಟ ಸೇರಿ ಬ್ಯಾಟರಿಯಿಂದ ಹೊರಡುವುದು ಎರಡು ಸಾವಿರದ ಹತ್ತಿರ. ಚಾರ್ಜರ್ ಅದರಲ್ಲಿ ವಾಪಸ್ ತುಂಬುವುದು ನಾನೂರು ಚಿಲ್ಲರೆ. ಅಂದರೆ ಬ್ಯಾಟರಿ ನಿವ್ವಳ ಒಂದೂವರೆ ಕಿಲೋವ್ಯಾಟ್ ಕಳೆದುಕೊಳ್ಳುತ್ತಿದೆ. 40 ನಿಮಿಷಕ್ಕೆ ಒಂದು ಯೂನಿಟ್. 3.6ರಲ್ಲಿ ಒಂದು ಹೋದರೆ ಬಲ್ಬ್ ಆರುವುದಿಲ್ಲ. ಮತ್ತೊಂದು ಗಂಟೆ ಓಡಿಸಿದ್ದರೆ ಇನ್ವರ್ಟರ್ ಕೂಗಿಕೊಳ್ಳುತ್ತಿತ್ತು. ನೂರರ ನೋಟು ನಾಲ್ಕು ದಲಾಲರ ಕೈ ದಾಟಿ ನಿಮ್ಮ ಜೇಬಿಗೇ ವಾಪಸ್ ಬಂದರೆ ನೂರಹತ್ತು ಆಗುತ್ತದೆಯೇ? ಇಲ್ಲಿ ಆ ದಲಾಲರು ಇನ್ವರ್ಟರ್, ಮೋಟಾರ್, ಬೆಲ್ಟ್, ಆಲ್ಟರ್ನೇಟರ್.

ಇನ್ನು ಆ 12.4. ಲೆಡ್ ಆಸಿಡ್ ಬ್ಯಾಟರಿ ಪೂರ್ತಿ ತುಂಬಿದಾಗ 12.7ರ ಸುಮಾರು ಇರುತ್ತದೆ, ಅರ್ಧ ಖಾಲಿಯಾದಾಗಲೂ 12ರ ಮೇಲೇ ಇರುತ್ತದೆ. ಮೀಟರಿನಲ್ಲಿ ಕಣ್ಣಿಗೂ ಬೀಳದ 0.3 ವೋಲ್ಟ್ ಎಂದರೆ ಕಾಲು ಭಾಗಕ್ಕೂ ಹೆಚ್ಚು ಚಾರ್ಜ್ ಹೋಗಿದೆ ಎಂದರ್ಥ. ನಿಮ್ಮ ಭಾವ ಬರೆದಿಟ್ಟ ಅಂಕಿ ಮೇಲಿನ ಲೆಕ್ಕಕ್ಕೆ ತಾಳೆಯಾಗುತ್ತಿದೆ ನೋಡಿ. ಅವರು ಸುಳ್ಳು ಬರೆದಿಲ್ಲ.

ಫ್ಲೈವೀಲ್ ಬಗ್ಗೆ ಸ್ವಲ್ಪ ನಿಲ್ಲಬೇಕು, ಏಕೆಂದರೆ ಈ ಯಂತ್ರಗಳ ನಂಬಿಕೆಯೆಲ್ಲ ಅದರ ಮೇಲೆಯೇ. ನೂರು ಕಿಲೋ, ಅರ್ಧ ಮೀಟರ್ ವ್ಯಾಸದ ಚಕ್ರ 1500 ಆರ್‌ಪಿಎಂನಲ್ಲಿ ತಿರುಗುವಾಗ ಅದರಲ್ಲಿರುವ ಶಕ್ತಿ 38 ಸಾವಿರ ಜೂಲ್ ಚಿಲ್ಲರೆ. ಯೂನಿಟ್ ಲೆಕ್ಕದಲ್ಲಿ 0.011, ಒಂದು ಯೂನಿಟ್‌ನ ನೂರರಲ್ಲಿ ಒಂದು ಪಾಲು. ಕೈಯಿಂದ ತಡೆಯಲು ಹೋದರೆ ಮೂಳೆ ಮುರಿಯುವಷ್ಟು ಬಲ. ನಿಮ್ಮ ಐದು ಬಲ್ಬಿಗೆ ಒಂದೂಕಾಲು ನಿಮಿಷದ ಊಟ, ನಡುವಿನ ನಷ್ಟ ಹಿಡಿದರೆ ಅಷ್ಟೂ ಇಲ್ಲ. ಬಲವೂ ಶಕ್ತಿಯ ಮೊತ್ತವೂ ಬೇರೆ ಬೇರೆ ಎಂಬುದು ಲೇಥ್ ಮೇಲೆ ದುಡಿದವರಿಗೂ ಚಕ್ರದ ಎದುರು ನಿಂತಾಗ ಮರೆತುಹೋಗುತ್ತದೆ.

ಇದೇ ಎಡವಟ್ಟು ಅಮೆರಿಕದ ಸಂಸತ್ತಿನವರೆಗೂ ಹೋಗಿತ್ತು. ಗಾರಾಬೆಡ್ ಗಿರಾಗೋಸಿಯನ್ ಎಂಬ ಅರ್ಮೇನಿಯ ಮೂಲದವರು ಇಂಧನವೇ ಬೇಡದ ಯಂತ್ರ ಕಂಡುಹಿಡಿದಿದ್ದೇನೆ ಎಂದರು. ಮೊದಲ ಮಹಾಯುದ್ಧದ ಕಾಲ. ಕಲ್ಲಿದ್ದಲು ಇಲ್ಲದೆ ಹಡಗು ಓಡುತ್ತದೆ ಎಂದರೆ ಯಾರಿಗೆ ಬೇಡ? ಸಂಸತ್ತು ನಿರ್ಣಯ ಮಾಡಿತು, 1918ರಲ್ಲಿ ಅಧ್ಯಕ್ಷ ವಿಲ್ಸನ್ ಸಹಿಯೂ ಬಿತ್ತು, ವಿಜ್ಞಾನಿಗಳ ಸಮಿತಿ ಕೂತು ಪರೀಕ್ಷಿಸಿತು. ಒಳಗಿದ್ದದ್ದು ದೊಡ್ಡ ಫ್ಲೈವೀಲ್. ಸಣ್ಣ ಮೋಟಾರ್ ಅದನ್ನು ನಿಧಾನಕ್ಕೆ ತಿರುಗಿಸಿ ವೇಗಕ್ಕೆ ತರುತ್ತಿತ್ತು. ಒಮ್ಮೆಲೇ ತಡೆದಾಗ ಹಲವು ಎಚ್‌ಪಿ ಹೊರಬರುತ್ತಿತ್ತು. ಒಳಗೆ ಹೋದದ್ದು ಕಡಿಮೆ, ಹೊರಗೆ ಬಂದದ್ದು ಜಾಸ್ತಿ ಎಂದು ಆ ಮನುಷ್ಯ ನಿಜವಾಗಿಯೂ ನಂಬಿದ್ದರು. ಎಷ್ಟು ಹೊತ್ತು ಎಂಬ ಪ್ರಶ್ನೆಯನ್ನು ಕೇಳಿಕೊಂಡಿರಲಿಲ್ಲ.

ಕಣ್ಣಾರೆ ಕಂಡೆ ಎಂದು ನೀವು ಬರೆದಿದ್ದೀರಿ. ಹಾಗೆ ಕಂಡವರಲ್ಲಿ ನಿಮಗಿಂತ ದೊಡ್ಡವರೂ ಇದ್ದರು. ಜರ್ಮನಿಯ ಯೋಹಾನ್ ಬೆಸ್ಲರ್ ತನ್ನ ಚಕ್ರವನ್ನು 1717ರಲ್ಲಿ ಹೆಸ್ಸೆ-ಕಾಸೆಲ್‌ನ ದೊರೆಯ ಕೋಟೆಯಲ್ಲಿ, ಬಾಗಿಲಿಗೆ ಮುದ್ರೆ ಒತ್ತಿದ ಕೋಣೆಯಲ್ಲಿ ತಿರುಗಲು ಬಿಟ್ಟ. ವಾರಗಳ ಮೇಲೆ ಬಾಗಿಲು ತೆಗೆದಾಗಲೂ ಅದು ತಿರುಗುತ್ತಿತ್ತು. 1721ರಲ್ಲಿ ಗ್ರಾವೆಸಾಂಡೆ ಎಂಬ ಡಚ್ ಪ್ರಾಧ್ಯಾಪಕರು ಹೊರಗಿನಿಂದ ಪರೀಕ್ಷಿಸಿ, ಮೋಸ ಕಾಣಲಿಲ್ಲವೆಂದು ನ್ಯೂಟನ್‌ಗೆ ಪತ್ರ ಬರೆದರು. ಒಳಗೆ ನೋಡಲು ಮಾತ್ರ ಅವಕಾಶವಿರಲಿಲ್ಲ. ಪ್ರಾಧ್ಯಾಪಕರು ಗುಟ್ಟು ಕದಿಯಲು ಬಂದಿದ್ದಾರೆಂದು ಬೆಸ್ಲರ್ ಚಕ್ರವನ್ನೇ ಒಡೆದುಹಾಕಿದ. ಕೆಲವು ವರ್ಷದ ನಂತರ ಅವನ ಮನೆಕೆಲಸದವಳು, ಪಕ್ಕದ ಕೋಣೆಯಿಂದ ನಾವೇ ತಿರುಗಿಸುತ್ತಿದ್ದೆವು ಎಂದು ಹೇಳಿಕೆ ಕೊಟ್ಟಳು. ಗ್ರಾವೆಸಾಂಡೆ ಅದನ್ನೂ ನಂಬಲಿಲ್ಲ. ಇವತ್ತಿಗೂ ಬೆಸ್ಲರ್ ಪರ ವಾದಿಸುವವರು ಇದ್ದಾರೆ. ಆದರೆ ಅವನು ಬಿಟ್ಟುಹೋದ ಚಿತ್ರಗಳಿಂದ ತಿರುಗುವ ಚಕ್ರ ಮಾಡಿದವರು ಯಾರೂ ಇಲ್ಲ. 1813ರಲ್ಲಿ ನ್ಯೂಯಾರ್ಕಿನಲ್ಲಿ ಚಾರ್ಲ್ಸ್ ರೆಡ್‌ಹೆಫರ್‌ನ ಯಂತ್ರ ನೋಡಲು ಬಂದ ರಾಬರ್ಟ್ ಫುಲ್ಟನ್, ಸ್ಟೀಮ್ ಬೋಟ್‌ಗೆ ಹೆಸರಾದವರು, ಚಕ್ರದ ಓಟದಲ್ಲಿ ಕೈಯಿಂದ ತಿರುವಿದಂಥ ಏರಿಳಿತ ಗುರುತಿಸಿದರು. ಪಕ್ಕದ ಹಲಗೆ ಕಿತ್ತರೆ ಒಳಗೆ ನರದ ಹುರಿ. ಅದರ ಜಾಡು ಹಿಡಿದು ಅಟ್ಟ ಹತ್ತಿದರೆ ಅಲ್ಲೊಬ್ಬ ಗಡ್ಡದ ಮುದುಕ ಹಿಡಿಕೆ ತಿರುವುತ್ತ ರೊಟ್ಟಿ ಕಡಿಯುತ್ತಿದ್ದ! ಫಿಲಡೆಲ್ಫಿಯಾದ ಜಾನ್ ಕೀಲಿ ಇನ್ನೂ ಚಾಲಾಕಿ. ವರ್ಷಗಟ್ಟಲೆ ಷೇರುದಾರರ ಹಣದಲ್ಲಿ ಕಾಲ ಹಾಕಿ 1898ರಲ್ಲಿ ತೀರಿಕೊಂಡ ಮೇಲೆ, ಅವನ ಕೆಲಸದ ಮನೆಯ ನೆಲದಡಿ ಒತ್ತಿದ ಗಾಳಿ ತುಂಬುವ ದೊಡ್ಡ ಉಕ್ಕಿನ ಗೋಳವೂ ಕೊಳವೆಗಳೂ ಸಿಕ್ಕವು.

ಇದು ಪರದೇಶದವರ ಹುಚ್ಚು ಎಂದುಕೊಳ್ಳಬೇಡಿ. ನಮ್ಮ ವಿಜಯಪುರದವರೆಂದು ನಾವೂ, ಚಾಳೀಸಗಾವ್ ಕಡೆಯವರೆಂದು ಮರಾಠಿ ಮಂದಿಯೂ ಜಗ್ಗಾಡುವ ಭಾಸ್ಕರಾಚಾರ್ಯರೇ 1150ರ ಸಿದ್ಧಾಂತ ಶಿರೋಮಣಿಯಲ್ಲಿ, ಟೊಳ್ಳು ಅರಗಳಿಗೆ ಪಾದರಸ ತುಂಬಿದರೆ ತಾನೇ ತಿರುಗುವ ಚಕ್ರವನ್ನು ವರ್ಣಿಸಿದ್ದಾರೆ. ಒಂದು ಬದಿಯಲ್ಲಿ ಪಾದರಸ ಅಂಚಿಗೆ ಸರಿದು ದೂರದಿಂದ ಎಳೆಯುತ್ತದೆ ಎಂಬುದು ಯೋಚನೆ. ಇನ್ನೊಂದು ಬದಿಯಲ್ಲಿ ಹತ್ತಿರದಿಂದ ಎಳೆಯುವ ಪಾದರಸದ ಪ್ರಮಾಣ ಅಷ್ಟಕ್ಕಷ್ಟು ಹೆಚ್ಚಿರುತ್ತದೆ. ಲೆಕ್ಕ ಸರಿಸಮ, ಚಕ್ರ ನಿಲ್ಲುತ್ತದೆ. ಶಕ್ತಿ ಹುಟ್ಟುವುದೂ ಇಲ್ಲ ನಾಶವಾಗುವುದೂ ಇಲ್ಲ ಎಂಬುದನ್ನು ರಾಬರ್ಟ್ ಮೇಯರ್, ಜೂಲ್, ಹೆಲ್ಮ್‌ಹೋಲ್ಟ್ಸ್ ಖಚಿತಪಡಿಸಿದ್ದು ಏಳು ಶತಮಾನದ ನಂತರ, 1840ರ ದಶಕದಲ್ಲಿ. ಆಚಾರ್ಯರನ್ನು ದೂರುವಂತಿಲ್ಲ.

ಈಗ ತುಳಿದರು ಎಂಬ ಮಾತಿಗೆ ಬರೋಣ. ಹೆಸರು ಹೆಸರಾಗಿ ನೋಡಬೇಕು, ಎಲ್ಲರನ್ನೂ ಒಂದೇ ಗೋಣಿಗೆ ತುಂಬಿದರೆ ಅನ್ಯಾಯ.

ವಿದ್ಯುತ್ ಸಂಶೋಧಕ ನಿಕೋಲಾ ಟೆಸ್ಲಾ ನ್ಯೂಯಾರ್ಕ್ ಬಳಿಯ ಲಾಂಗ್ ಐಲೆಂಡ್‌ನಲ್ಲಿ 1901ರಿಂದ ಕಟ್ಟಿಸಿದ ವಾರ್ಡನ್‌ಕ್ಲಿಫ್ ಗೋಪುರಕ್ಕೆ ಬ್ಯಾಂಕರ್ ಜೆ.ಪಿ. ಮಾರ್ಗನ್ ಒಂದೂವರೆ ಲಕ್ಷ ಡಾಲರ್ ಕೊಟ್ಟು ಆಮೇಲೆ ಕೈ ಬಿಗಿಹಿಡಿದದ್ದು ನಿಜ; ಗೋಪುರ 1917ರಲ್ಲಿ ಉರುಳಿದ್ದೂ ನಿಜ. ಆದರೆ ಅದು ತಂತಿಯಿಲ್ಲದೆ ಸಂದೇಶವನ್ನೂ ವಿದ್ಯುತ್ತನ್ನೂ ಕಳಿಸುವ ಯೋಜನೆ. ವಿದ್ಯುತ್ ಹುಟ್ಟಿಸಲು ಅಲ್ಲಿಯೂ ಕಲ್ಲಿದ್ದಲು ಸುಡುವ ಬಾಯ್ಲರ್ ಇತ್ತು. ಪುಕ್ಕಟೆ ಶಕ್ತಿಯ ಕಥೆಯನ್ನು ನಂತರದವರು ಸೇರಿಸಿದರು.

ನೀರಿನಿಂದ ಕಾರು ಓಡಿಸುತ್ತೇನೆ ಎಂದ ಸ್ಟ್ಯಾನ್ಲಿ ಮೇಯರ್‌ನನ್ನು ಎಣ್ಣೆ ಕಂಪನಿಗಳು ಕೋರ್ಟಿಗೆ ಎಳೆಯಲಿಲ್ಲ. ಎಳೆದವರು ಅವನಲ್ಲಿ ಹಣ ಹಾಕಿದ ಇಬ್ಬರು. ತಜ್ಞರು ಅವನ ಸಾಧನ ಬಿಚ್ಚಿ ನೋಡಿ ಮಾಮೂಲಿ ಎಲೆಕ್ಟ್ರಾಲಿಸಿಸ್ ಎಂದರು. 1996ರಲ್ಲಿ ಒಹಾಯೊದ ನ್ಯಾಯಾಲಯ ಇದು ವಂಚನೆ ಎಂದು ತೀರ್ಪಿತ್ತು 25 ಸಾವಿರ ಡಾಲರ್ ವಾಪಸ್ ಕೊಡಿಸಿತು. 1998ರಲ್ಲಿ ಹೋಟೆಲಿನಲ್ಲಿ ಊಟದ ನಡುವೆ ಕುಸಿದು ಸತ್ತದ್ದಕ್ಕೆ ವಿಷದ ಕಥೆ ಹುಟ್ಟಿಕೊಂಡಿತು. ಶವಪರೀಕ್ಷೆ ಹೇಳಿದ್ದು ಮೆದುಳಿನ ರಕ್ತನಾಳ ಒಡೆದಿತ್ತು ಎಂದು.

ಪರಮಹಂಸ ತಿವಾರಿ ಬೇರೆ ಜಾತಿಯ ಉದಾಹರಣೆ. ಅಣುವಿದ್ಯುತ್ ನಿಗಮದಲ್ಲಿ, ಕೈಗಾ ಯೋಜನೆಯಲ್ಲಿ ಹಿರಿಯ ಹುದ್ದೆಯಲ್ಲಿದ್ದ ಎಂಜಿನಿಯರ್. ಶೂನ್ಯಾಕಾಶವೇ ಸುಳಿಯುವ ದ್ರವದಂತಿದೆ, ಅದರಿಂದ ಶಕ್ತಿ ತೆಗೆಯಬಹುದು ಎಂಬ ತಮ್ಮದೇ ಸಿದ್ಧಾಂತ ಕಟ್ಟಿ, ಕೊಟ್ಟದ್ದಕ್ಕಿಂತ ಹೆಚ್ಚು ಕೊಡುವ ಜನರೇಟರ್ ಮಾಡಿದ್ದೇನೆ ಎಂದು 2017ರಲ್ಲಿ ತೀರಿಕೊಳ್ಳುವವರೆಗೂ ಹೇಳುತ್ತಿದ್ದರು. ಅವರನ್ನು ಮೋಸಗಾರ ಎನ್ನಲು ನನಗೆ ಬಾಯಿ ಬರುವುದಿಲ್ಲ. ಆದರೆ ಭೌತವಿಜ್ಞಾನಿಗಳು ಆ ಸಿದ್ಧಾಂತವನ್ನು ಒಪ್ಪಲಿಲ್ಲ, ಆ ಜನರೇಟರ್ ಪೇಟೆಗೂ ಬರಲಿಲ್ಲ. ದೊಡ್ಡ ಹುದ್ದೆಯಲ್ಲಿದ್ದವರು ಹೇಳಿದರು ಎಂಬುದು ವ್ಯಾಟ್ ಮೀಟರಿನ ಬದಲಿಗೆ ನಿಲ್ಲುವುದಿಲ್ಲ.

ವಿಜ್ಞಾನಿಗಳು ನೋಡಲೂ ಒಪ್ಪುವುದಿಲ್ಲ ಎಂಬ ದೂರಂತೂ ಮುಂಬಯಿಯಲ್ಲಿಯೇ ಸುಳ್ಳಾಗಿದೆ. 1989ರ ಮಾರ್ಚ್ 23ರಂದು ಅಮೆರಿಕದಲ್ಲಿ ಪಾನ್ಸ್ ಮತ್ತು ಫ್ಲೈಶ್‌ಮನ್ ಎಂಬ ರಸಾಯನವಿಜ್ಞಾನಿಗಳು ಗಾಜಿನ ಪಾತ್ರೆಯಲ್ಲಿ ಅಣುಸಮ್ಮಿಲನ (ಸೂರ್ಯನೊಳಗೆ ನಡೆಯುವಂಥ ಕ್ರಿಯೆ) ಆಯಿತೆಂದು ಘೋಷಿಸಿದ್ದೇ ತಡ, ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ (ಬಿಎಆರ್‌ಸಿ) ಪಿ.ಕೆ. ಅಯ್ಯಂಗಾರ್ ನಿರ್ದೇಶಕರಾಗಿದ್ದಾಗ ಹಲವು ತಂಡಗಳು ಕೆಲಸಕ್ಕೆ ಇಳಿದವು. ಸಮ್ಮಿಲನದ ಗುರುತುಗಳಾದ ನ್ಯೂಟ್ರಾನ್, ಟ್ರಿಟಿಯಂ ಕಂಡೆವೆಂದು ವರದಿಯನ್ನೂ ಮಾಡಿದವು. ಬೇರೆ ಕಡೆ ಅದೇ ಫಲ ನಂಬಿಕೆಗೆ ಅರ್ಹವಾಗಿ ಮತ್ತೆ ಮತ್ತೆ ಬರಲಿಲ್ಲ. ಅಮೆರಿಕದ ಇಂಧನ ಇಲಾಖೆ ಅದೇ ವರ್ಷ ಒಮ್ಮೆ, 2004ರಲ್ಲಿ ಇನ್ನೊಮ್ಮೆ ಪರಿಶೀಲಿಸಿ ಪುರಾವೆ ಸಾಲದು ಎಂದಿತು. ಕೊಟ್ಟದ್ದಕ್ಕಿಂತ ಹೆಚ್ಚು ಕೊಡುವ ಯಂತ್ರ ಮಾಡಿದ್ದೇನೆ ಎಂದ ಅಮೆರಿಕದ ಜೋಸೆಫ್ ನ್ಯೂಮನ್ ಪೇಟೆಂಟ್‌ಗಾಗಿ ಕೋರ್ಟು ಹತ್ತಿದ್ದಕ್ಕೆ 1986ರಲ್ಲಿ ಅಲ್ಲಿನ ರಾಷ್ಟ್ರೀಯ ಮಾನಕ ಸಂಸ್ಥೆಯೇ ಯಂತ್ರ ಅಳೆಯಿತು. ಪ್ರತಿ ಸಲವೂ ಹೊರಬಂದದ್ದು ಒಳಹೋದದ್ದಕ್ಕಿಂತ ಕಡಿಮೆ. ಇಂಥದೇ ಯಂತ್ರ ತನ್ನಲ್ಲಿದೆ ಎಂದ ಡಬ್ಲಿನ್‌ನ ಸ್ಟೀಯಾರ್ನ್ ಕಂಪನಿ 2006ರಲ್ಲಿ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು ತಾನೇ ವಿಜ್ಞಾನಿಗಳನ್ನು ಕರೆಯಿತು. ಬಂದರು, ನೋಡಿದರು, 2009ರಲ್ಲಿ ಒಮ್ಮತದಿಂದ ಇಲ್ಲ ಎಂದರು.

ಪೇಟೆಂಟ್ ನಂಬರ್ ಎಂದು ತೋರಿಸಿದ್ದು ಬಹುಶಃ ಅರ್ಜಿಯ ನಂಬರ್. ಶುಲ್ಕ ಕಟ್ಟಿದ ಯಾರಿಗೂ ಅದು ಸಿಗುತ್ತದೆ. ಪೇಟೆಂಟ್ ಮಂಜೂರಾಗಿದೆಯೇ ಎಂದು ಪೇಟೆಂಟ್ ಕಚೇರಿಯ ಜಾಲತಾಣದಲ್ಲಿ ಪುಕ್ಕಟೆಯಾಗಿ ನೋಡಬಹುದು. ನಮ್ಮ 1970ರ ಪೇಟೆಂಟ್ ಕಾಯ್ದೆಯ ಕಲಂ 3(ಎ) ಪ್ರಕಾರ, ಸ್ಥಾಪಿತ ನಿಸರ್ಗ ನಿಯಮಕ್ಕೆ ಎದ್ದು ಕಾಣುವಂತೆ ವಿರುದ್ಧವಾದದ್ದು ಆವಿಷ್ಕಾರವೇ ಅಲ್ಲ. ಬೆಲ್ಟಿನ ಜೋಡಣೆ ಹೊಸದೆಂದು ಬರೆದು ಮಂಜೂರು ಮಾಡಿಸಿಕೊಂಡರೂ, ಯಂತ್ರ ಓಡುತ್ತದೆ ಎಂಬುದಕ್ಕೆ ಅದು ಸಾಕ್ಷಿಯಾಗದು.

ಹಾಗಾದರೆ ಮಾಡುವುದೇನು? ಸಹಿ ವಿಷಯ ಮೊದಲು, ಏಕೆಂದರೆ ಅದು 6 ಲಕ್ಷಕ್ಕಿಂತ ದೊಡ್ಡದು. 1932ರ ಪಾಲುದಾರಿಕೆ ಕಾಯ್ದೆಯಡಿ ಸಂಸ್ಥೆಯ ಸಾಲಕ್ಕೆ ಪ್ರತಿಯೊಬ್ಬ ಪಾಲುದಾರನೂ ಪೂರ್ತಿ ಹೊಣೆ, ಅದಕ್ಕೆ ಮಿತಿಯಿಲ್ಲ. ಪಿಂಪ್ರಿಯ ಮಹಾಶಯರು ಡೀಲರ್‌ಗಳಿಂದ ಅಡ್ವಾನ್ಸ್ ಎತ್ತಿ, ಯಂತ್ರ ಓಡದೆ, ಅವರೆಲ್ಲ ಬಾಗಿಲಿಗೆ ಬಂದರೆ ನಿಮ್ಮ ಲೇಥೂ ಫ್ಲ್ಯಾಟೂ ಲೆಕ್ಕಕ್ಕೆ ಬರುತ್ತವೆ. ಪೊಲೀಸ್ ದೂರಾದರೆ ಪತ್ರದಲ್ಲಿರುವ ಹೆಸರುಗಳನ್ನೆಲ್ಲ ಕರೆಯುತ್ತಾರೆ. ತಮಿಳುನಾಡಿನ ರಾಮರ್ ಪಿಳ್ಳೈ 1996ರಲ್ಲಿ ಮೂಲಿಕೆಯಿಂದ ಪೆಟ್ರೋಲ್ ಎಂದು ದೇಶವನ್ನೇ ಬೆರಗುಗೊಳಿಸಿದ್ದು ನಿಮಗೂ ನೆನಪಿರಬಹುದು. 2016ರಲ್ಲಿ ಚೆನ್ನೈನ ನ್ಯಾಯಾಲಯ ಮೂರು ವರ್ಷ ಸೆರೆ ವಿಧಿಸಿತು; ಅವನೊಬ್ಬನಿಗೇ ಅಲ್ಲ, ಜೊತೆಯವರಿಗೂ. ಸಹಿ ಬೇಡವೇ ಬೇಡ. ಈ ಒಂದು ಮಾತಿನಲ್ಲಿ ನಾನು ಮೆತ್ತಗಾಗುವುದಿಲ್ಲ.

ಹಣದ ವಿಷಯದಲ್ಲಿ ದಾರಿಗಳಿವೆ. ಪೂರ್ತಿ ಕೊಡುವುದು: ಕಳೆದುಕೊಂಡಂತೆಯೇ ಎಂದು ತಿಳಿದು ಕೊಡಬೇಕು. ಸಾರಾಸಗಟು ನಿರಾಕರಿಸುವುದು: ಹಣ ಉಳಿಯುತ್ತದೆ, ಆದರೆ ಭಾವ ಪೂರ್ತಿಯಾಗಿ ಪಿಂಪ್ರಿಯವರ ಕೈಗೆ ಬೀಳುತ್ತಾರೆ, ಅಕ್ಕನ ಇನ್ನೆರಡು ಬಳೆಯೂ ಹೋಗಬಹುದು. ನನಗೆ ಸರಿ ಕಾಣುವುದು ಮೂರನೆಯದು: ‘ಭಾವ, ಮೊದಲು ಟೆಸ್ಟ್ ಮಾಡೋಣ, ಖರ್ಚು ನನ್ನದು’ ಎನ್ನಿ. ಇದರಲ್ಲೂ ಅಪಾಯವಿದೆ, ಟೆಸ್ಟ್ ಸೋತರೆ ‘ಬೇರಿಂಗ್ ಬದಲಿಸಿದರೆ ಆಗುತ್ತದೆ’ ಎಂಬ ಮಾತು ಬಂದೇ ಬರುತ್ತದೆ. ಅದಕ್ಕೇ ಏನಾದರೆ ಗೆಲುವು, ಏನಾದರೆ ಸೋಲು ಎಂದು ಮೊದಲೇ ಕಾಗದದ ಮೇಲೆ ಬರೆದು ಇಬ್ಬರೂ ಇಟ್ಟುಕೊಳ್ಳಿ. ಪಿಂಪ್ರಿಯವರನ್ನು ಅಂದು ಕರೆಯಬೇಡಿ. ಮೂರನೆಯವರ ಎದುರು ಸೋಲು ಒಪ್ಪುವುದು ಯಾರಿಗೂ ಕಷ್ಟ.

ಟೆಸ್ಟ್ ಸರಳ. ಬ್ಯಾಟರಿ ಇರುವುದು ಸ್ಟಾರ್ಟ್ ಮಾಡಲು ಮಾತ್ರ ಎಂದು ಭಾವ ಹೇಳುವುದಾದರೆ, ಮೋಟಾರನ್ನು ಗೋಡೆಯ ಪ್ಲಗ್‌ನಿಂದ ಪೂರ್ತಿ ವೇಗಕ್ಕೆ ತಂದು, ಚೇಂಜ್‌ಓವರ್ ಸ್ವಿಚ್‌ನಿಂದ ಆಲ್ಟರ್ನೇಟರ್‌ಗೆ ಹೊರಳಿಸಿ. ಬ್ಯಾಟರಿ, ಇನ್ವರ್ಟರ್ ಎರಡೂ ಕೋಣೆಯಿಂದ ಹೊರಗೆ. ಐದು ಬಲ್ಬಿನ ಲೋಡ್ ಹಾಕಿದರೆ ಒಂದು ನಿಮಿಷದೊಳಗೆ ಉತ್ತರ ಸಿಗುತ್ತದೆ. ಬ್ಯಾಟರಿ ಇಲ್ಲದೆ ಆಗದು ಎಂದರೆ, ಅದೇ 500 ವ್ಯಾಟ್ ಲೋಡನ್ನು ಬಿಡದೆ 24 ಗಂಟೆ ಓಡಿಸಿ. 12 ಯೂನಿಟ್ ಬೇಕಾಗುತ್ತದೆ, 3.6 ಯೂನಿಟ್‌ನ ಬ್ಯಾಟರಿಗೆ ಅದು ಸಾಧ್ಯವಿಲ್ಲ. ಅರ್ಥಿಂಗ್ ವೈರನ್ನೂ ತೆಗೆದಿಟ್ಟು, ಲೋಹದ ಮೈ ಯಾರೂ ಮುಟ್ಟದಂತೆ ಹಗ್ಗ ಕಟ್ಟಿ; ಅರ್ಥಿಂಗ್ ಹೆಸರಿನಲ್ಲಿ ಬೇರೆಲ್ಲಿಂದಲೋ ಕರೆಂಟ್ ತಂದು ತೋರಿಸುವ ಪ್ರದರ್ಶನಗಳು ಇವೆ. ಅಳೆಯಲು ಕ್ಲ್ಯಾಂಪ್ ಮೀಟರ್ ಬೇಡ. ಅರೆ ಲೋಡಿನ ಮೋಟಾರಿನಲ್ಲಿ ವೋಲ್ಟನ್ನು ಆಂಪಿಯರ್‌ನಿಂದ ಗುಣಿಸಿದರೆ ನಿಜವಾದ ವ್ಯಾಟ್‌ಗಿಂತ ಎಷ್ಟೋ ಹೆಚ್ಚು ಬರುತ್ತದೆ. ಹಾಗೆ ಗುಣಿಸಿ ಬಂದದ್ದರಲ್ಲಿ ನಿಜವಾದ ವ್ಯಾಟ್‌ನ ಪಾಲು, ಅಂದರೆ ಪವರ್ ಫ್ಯಾಕ್ಟರ್, ಅಷ್ಟು ಕಡಿಮೆ ಇರುತ್ತದೆ. ಮನೆಗೆ ಹಾಕುವ ಮಾಮೂಲಿ ಎನರ್ಜಿ ಮೀಟರೇ ಸಾಕು. ಮುಂದೆ ಯಾರಾದರೂ ಮುಚ್ಚಿದ ಪೆಟ್ಟಿಗೆ ತೋರಿಸಿದರೆ ಇನ್ನೊಂದು ಉಪಾಯ: ಪೆಟ್ಟಿಗೆಯ ತೂಕವೆಲ್ಲ ಲಿಥಿಯಂ ಬ್ಯಾಟರಿಯೇ ಎಂದುಕೊಂಡು ಕಿಲೋಗೆ 150 ವ್ಯಾಟ್‌ಅವರ್ ಹಿಡಿದು, ಅದರ ಎರಡು ಪಟ್ಟು ಯೂನಿಟ್ ಹೊರಬರುವವರೆಗೆ ಓಡಿಸಲು ಹೇಳಿ. ನೂರು ಕಿಲೋ ಪೆಟ್ಟಿಗೆಗೆ 30 ಯೂನಿಟ್. ಈ ಷರತ್ತಿಗೆ ಒಪ್ಪಿದ ಮಾರಾಟಗಾರರನ್ನು ನಾನಂತೂ ನೋಡಿಲ್ಲ.

ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿ ಇಂಥ ಯಂತ್ರಗಳ ಅರ್ಜಿಯನ್ನು ಇನ್ನು ನೋಡುವುದಿಲ್ಲ ಎಂದು 1775ರಲ್ಲಿಯೇ ತೀರ್ಮಾನಿಸಿತ್ತು. ಕೊಟ್ಟ ಕಾರಣಗಳಲ್ಲಿ ಒಂದು, ಈ ಹುಡುಕಾಟದಲ್ಲಿ ಸಂಸಾರಗಳು ಹಾಳಾಗಿವೆ, ದೇಶಕ್ಕೆ ಉಪಯೋಗವಾಗಬಹುದಿದ್ದ ಕುಶಲಿಗರು ಹಣ, ಕಾಲ, ಬುದ್ಧಿ ಎಲ್ಲ ಅದಕ್ಕೇ ಸುರಿದರು ಎಂಬುದು. ಅಕ್ಕನಿಗೆ ನೇರವಾಗಿ ಹೇಳುವ ಮಾತಿದ್ದರೆ ಇದೇ. ಬಳೆ ಬಿಡಿಸಿಕೊಳ್ಳಲು ನೀವು ಕೈಗಡ ಕೊಟ್ಟರೆ ಅದು ಯಂತ್ರಕ್ಕೆ ಕೊಟ್ಟ ಹಣವಲ್ಲ ಎಂಬುದನ್ನು ಮಾತ್ರ ಸ್ಪಷ್ಟಪಡಿಸಿ.

ಉಳಿದದ್ದು ನಿಮ್ಮ ಬಿಲ್ಲು. ಇಂಧನ ಸುಡದ ವಿದ್ಯುತ್ ನಮಗೆ ಹೊಸದಲ್ಲ; ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಗಣಿಗೆ, ಖೋಪೋಲಿಯಿಂದ 1915ರಲ್ಲಿ ಮುಂಬಯಿಯ ಗಿರಣಿಗಳಿಗೆ ಬಂದದ್ದು ಮಳೆ ನೀರಿನ ವಿದ್ಯುತ್ತೇ. ನಿಮ್ಮ ಶೆಡ್ ಮೇಲೆ ಬೀಳುವುದು ಬಿಸಿಲು. ಪುಣೆಯಲ್ಲಿ ಒಂದು ಕಿಲೋವ್ಯಾಟ್ ಸೋಲಾರ್ ವರ್ಷದ ಸರಾಸರಿಯಲ್ಲಿ ದಿನಕ್ಕೆ ನಾಲ್ಕು ಯೂನಿಟ್ ಕೊಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಿಮೆ. ಶೀಟಿನ ಮಾಡು ಹಳೆಯ ಸಿಮೆಂಟ್ ಶೀಟಾದರೆ ಭಾರ ತಡೆಯುತ್ತದೆಯೇ ಎಂದು ಮೊದಲು ನೋಡಿಸಿ, ನೆಟ್ ಮೀಟರಿಂಗ್ (ಮಿಕ್ಕ ಸೋಲಾರ್ ಕರೆಂಟನ್ನು ಗ್ರಿಡ್‌ಗೆ ಕೊಟ್ಟು ಬಿಲ್ಲಿನಲ್ಲಿ ಕಳೆಯುವ ವ್ಯವಸ್ಥೆ) ನಿಯಮವನ್ನು ವಿದ್ಯುತ್ ಕಂಪನಿ ಮಹಾವಿತರಣದಲ್ಲಿಯೇ ಕೇಳಿ. ಪಿಎಂ ಸೂರ್ಯಘರ್ ಯೋಜನೆಯ 78 ಸಾವಿರದವರೆಗಿನ ಸಬ್ಸಿಡಿ ಮನೆಗಳಿಗೆ ಮಾತ್ರ, ಶಾಪಿಗೆ ಸಿಗುವುದಿಲ್ಲ.

ಸೋಲಾರ್‌ಗಿಂತ ಮೊದಲು ಎರಡು ಅಗ್ಗದ ಕೆಲಸ. ಗುರುವಾರ ರಜೆಯ ದಿನ ಎಲ್ಲ ಯಂತ್ರ ನಿಲ್ಲಿಸಿ ಕಂಪ್ರೆಸರ್ ಒಂದನ್ನೇ ಚಾಲೂ ಮಾಡಿ, ಟ್ಯಾಂಕ್ ತುಂಬಿದ ಮೇಲೆ ಅದು ಎಷ್ಟು ಸಲ ತಾನಾಗಿ ಎದ್ದು ಓಡುತ್ತದೆ ಎಂದು ಗಡಿಯಾರ ಹಿಡಿದು ನೋಡಿ. ಓಡಿದ ಅಷ್ಟು ಹೊತ್ತೂ ಪೈಪಿನ ಸೋರಿಕೆಗೆ ನೀವು ಕಟ್ಟುತ್ತಿರುವ ದುಡ್ಡು. ಆಮೇಲೆ ನಿಮ್ಮ ಲೇಥ್ ಮೋಟಾರ್‌ಗಳು ಎಷ್ಟು ಸಲ ರೀವೈಂಡ್ ಆಗಿವೆ ಎಂದು ಪಟ್ಟಿ ಮಾಡಿಸಿ. ಸುಟ್ಟ ವೈಂಡಿಂಗನ್ನು ಬೆಂಕಿ ಹಾಕಿ ಕಿತ್ತ ಪ್ರತಿ ಸಲವೂ ಒಳಗಿನ ಕಬ್ಬಿಣದ ಕೋರ್ ಕೆಡುವ ಅಪಾಯವಿದೆ, ದಕ್ಷತೆ ಇಳಿಯಬಹುದು. ಯಾವುದನ್ನು ಉಳಿಸಬೇಕು, ಯಾವುದನ್ನು ಮಾರಿ ಹೆಚ್ಚು ದಕ್ಷತೆಯ ಐಇ3 ದರ್ಜೆಯ ಮೋಟಾರ್ ತರಬೇಕು ಎಂದು ಹೇಳಲು ನಿಮ್ಮ ಭಾವನಿಗಿಂತ ತಿಳಿದವರು ಬೇಕಿಲ್ಲ. ಅವರನ್ನೇ ಕರೆಯಿರಿ, ಕೂಲಿ ಕೊಟ್ಟು ಕರೆಯಿರಿ.